ಕುದುರೆಯ ಕುಲವೂ ಗುಣವೂ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತನು ದನಗಳ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಗಳನ್ನು ಕೊಳ್ಳುವ ಕ್ರಮವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಗೊರಸು, ಕೊಂಬಿನ ಬುಡ, ಬಾಲದ ಕುಚ್ಚು ಇವನ್ನು ಪರೀಕ್ಷಿಸುತ್ತಾನೆ. ಹಣೆಯ ಮೇಲೂ ಬೆನ್ನಿನ ಮೇಲೂ ಬೆರಳಾಡಿಸಿ ಸುಳಿ ಎಲ್ಲಿದೆಯೆಂದು ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೂ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಮುನ್ನ, ಒಂದು ಪ್ರಶ್ನೆ ಉಳಿದೇ ಇರುತ್ತದೆ: “ಇದರ ತಾಯಿ ಯಾವುದು? ಯಾವ ಹೋರಿಗೆ ಹುಟ್ಟಿದ್ದು?” ನೂಲಿನಂತೆ ಸೀರೆ ಎಂಬ ನಂಬಿಕೆ ಅವನದು.

ಅದೇ ಜಿಲ್ಲೆಯ ದಕ್ಷಿಣದ ಕಡೆ, ಕುಣಿಗಲ್ಲಿನ ಕುದುರೆ ಫಾರಮಿನಲ್ಲಿ, ಈ ಪ್ರಶ್ನೆಯನ್ನು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಅಲ್ಲಿ ಹುಟ್ಟಿದ ಪ್ರತಿಯೊಂದು ಥರೋಬ್ರೆಡ್ ಮರಿಯ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರ ಹೆಸರುಗಳು ಗ್ರಂಥಸ್ಥವಾಗಿದ್ದವು. ಇನ್ನೂರು ವರ್ಷಕ್ಕೂ ಹಿಂದಕ್ಕೆ ಎಳೆ ತಪ್ಪದೆ ಹೋಗಬಹುದಾಗಿತ್ತು. ಹಾಗಾದರೆ ಆ ಹೆಸರುಗಳಿಂದ ಕುದುರೆಯ ಓಟವನ್ನೂ ಸ್ವಭಾವವನ್ನೂ ಮುಂದಾಗಿ ತಿಳಿಯಲು ಸಾಧ್ಯವೇ? ಕುಲದಿಂದ ಬರುವುದು ಎಷ್ಟು, ಸಾಕಣೆಯಿಂದ ಬರುವುದು ಎಷ್ಟು? ಲಕ್ಷಾಂತರ ರೂಪಾಯಿ ಕೊಟ್ಟು ಒಂದು ವರ್ಷದ ಮರಿಯನ್ನು ಕೊಳ್ಳುವವನಿಗೂ, ಜಾತ್ರೆಯಲ್ಲಿ ಹೋರಿ ಕೊಳ್ಳುವವನಿಗೂ ಇದು ಒಂದೇ ಪ್ರಶ್ನೆ.

ಈ ಸೀಮೆಗೆ ಕುದುರೆ ಹೊಸತಲ್ಲ. 1687ರಿಂದ 1757ರವರೆಗೆ ಶಿರಾ ಪಟ್ಟಣವು ಮೊಗಲರ ಒಂದು ಸುಬಾದ ರಾಜಧಾನಿಯಾಗಿತ್ತು. ಸುಬೇದಾರನ ಬಲವೆಂದರೆ ಅಶ್ವದಳ. ಆದರೆ ದಕ್ಷಿಣದ ಅರಸರೆಲ್ಲರಿಗೂ ಇದ್ದ ತೊಡಕೆಂದರೆ ಒಳ್ಳೆಯ ಕುದುರೆಗಳು ಇಲ್ಲಿ ಸಾಕಷ್ಟು ಹುಟ್ಟುತ್ತಿರಲಿಲ್ಲ. ವಿಜಯನಗರದ ಕಾಲದಿಂದಲೂ ಅವು ಅರಬ್ಬೀ ಮತ್ತು ಪಾರಸೀಕ ದೇಶಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಈ ಪರಾವಲಂಬನೆಯನ್ನು ತಪ್ಪಿಸಲು ನಡೆದ ಪ್ರಯತ್ನಗಳಲ್ಲಿ ಕುಣಿಗಲ್ಲಿನದು ಒಂದು. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಅದರ ಮೂಲವನ್ನು ಒಯ್ಯುತ್ತಾರೆ. ಅನಂತರ ಮೈಸೂರಿನ ಸಿಲೇದಾರ್ ಕುದುರೆ ದಳಕ್ಕೆ ಅಲ್ಲಿಂದ ಕುದುರೆಗಳು ಬರುತ್ತಿದ್ದವು. ರಣರಂಗದಲ್ಲಿ ಕುದುರೆಯ ಕೆಲಸ ಮುಗಿದ ಮೇಲೆ ಪಂದ್ಯದ ಕುದುರೆಗಳ ಸಂವರ್ಧನೆ ಅಲ್ಲಿ ಬೆಳೆಯಿತು. 1992ರಲ್ಲಿ ಸರ್ಕಾರವು ಫಾರಮನ್ನು ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಟ್ಟಿತು.

ಥರೋಬ್ರೆಡ್ ಎಂದರೆ ಅಪ್ಪಟ ತಳಿಯ ಯಾವುದೋ ಒಂದು ಕುದುರೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ, ಅದು ಒಂದು ನಿರ್ದಿಷ್ಟ ತಳಿಯ ಹೆಸರು. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಪೂರ್ವದೇಶಗಳ ಬೀಜದ ಕುದುರೆಗಳನ್ನು ಇಂಗ್ಲೆಂಡಿಗೆ ತಂದು ಅಲ್ಲಿದ್ದ ಹೆಣ್ಣು ಕುದುರೆಗಳೊಡನೆ ಕೂಡಿಸಿ ಬೆಳೆಸಿದ ತಳಿ ಅದು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳು ಅದರ ಮೂಲಪುರುಷರು. ಇವುಗಳಲ್ಲಿ ಎರಡನೆಯದು 1704ರಲ್ಲಿ ಸಿರಿಯಾ ದೇಶದ ಅಲೆಪ್ಪೊ ಪಟ್ಟಣದಿಂದ ಬಂದಿತು. 1791ರಲ್ಲಿ ಜೇಮ್ಸ್ ವೆದರ್ಬಿ ಎಂಬಾತನು ಈ ಕುದುರೆಗಳ ವಂಶಾವಳಿಯನ್ನು ಪುಸ್ತಕರೂಪದಲ್ಲಿ ಅಚ್ಚು ಹಾಕಿಸಿದನು. ತಂದೆತಾಯಿಗಳಿಬ್ಬರೂ ಅಂಥ ವಂಶಾವಳಿಯಲ್ಲಿ ದಾಖಲಾಗಿದ್ದರೆ ಮಾತ್ರ ಮರಿಯೂ ಥರೋಬ್ರೆಡ್. ಗರ್ಭಧಾರಣೆಯೂ ಸಹಜ ಸಂಗಮದಿಂದಲೇ ಆಗಿರಬೇಕು. ದನಗಳಲ್ಲಿ ಇಂದು ಸಾಮಾನ್ಯವಾಗಿರುವ ಕೃತಕ ಗರ್ಭಧಾರಣೆಗೆ ಇಲ್ಲಿ ಎಡೆಯಿಲ್ಲ.

ವಂಶಾವಳಿಯನ್ನು ಓದುವವರು ಸಾಮಾನ್ಯವಾಗಿ ತಂದೆಯ ಸಾಲನ್ನೇ ಹಿಡಿದು ಮೇಲಕ್ಕೆ ಹೋಗುತ್ತಾರೆ. ಲೋಕದ ಗಂಡು ಥರೋಬ್ರೆಡ್‌ಗಳಲ್ಲಿ ನೂರಕ್ಕೆ 95ರಷ್ಟರ ತಂದೆಯ ಸಾಲು ಡಾರ್ಲಿ ಅರೇಬಿಯನ್‌ಗೇ ಮುಟ್ಟುತ್ತದೆಂದು ಐರ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ಲೆಕ್ಕ ಹಾಕಿದರು. ಕೇಳಲು ಇದು ಭಾರಿ ಸಂಗತಿಯೇ. ಆದರೆ ಇದರಲ್ಲೊಂದು ಮೋಸವಿದೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ನೇರವಾಗಿ ಇಳಿಯುವುದು ‘ವೈ’ ಎಂಬ ಒಂದೇ ಒಂದು ಪುಟ್ಟ ಕ್ರೋಮೊಸೋಮು. ಉಳಿದುದೆಲ್ಲ ಪ್ರತಿ ತಲೆಮಾರಿನಲ್ಲಿಯೂ ಅರ್ಧಕ್ಕೆ ಇಳಿಯುತ್ತದೆ. 1764ರಲ್ಲಿ ಸೂರ್ಯಗ್ರಹಣದ ಕಾಲಕ್ಕೆ ಹುಟ್ಟಿ ಆ ಹೆಸರನ್ನೇ ಪಡೆದು, ಓಡಿದ 18 ಪಂದ್ಯಗಳಲ್ಲಿ ಒಂದನ್ನೂ ಸೋಲದ ‘ಎಕ್ಲಿಪ್ಸ್’ ಎಂಬ ಕುದುರೆ ಡಾರ್ಲಿ ಅರೇಬಿಯನ್‌ನಿಂದ ನಾಲ್ಕು ತಲೆಮಾರು ಕೆಳಗಿನದು. ಅಂದಮೇಲೆ ಆ ಸಾಲಿನಿಂದ ಅದಕ್ಕೆ ಬಂದ ಪಾಲು ಸರಾಸರಿಯಲ್ಲಿ ಹದಿನಾರನೆಯ ಒಂದು ಭಾಗ ಮಾತ್ರ. ಹೆಸರು ಉಳಿಯುತ್ತದೆ, ದ್ರವ್ಯ ಕರಗುತ್ತದೆ. ಜಾತ್ರೆಯಲ್ಲಿ ಮೊದಲು ತಾಯಿಯನ್ನು ವಿಚಾರಿಸುವ ನಮ್ಮ ರೈತನ ಪದ್ಧತಿಯೇ ಇದಕ್ಕಿಂತ ಮೇಲೆಂದು ನನಗೆ ತೋರುತ್ತದೆ.

ವಾಸ್ತವವಾಗಿ ‘ರಕ್ತಗುಣ’ವೆಂಬ ಮಾತೇ ದಾರಿ ತಪ್ಪಿಸುತ್ತದೆ. ತಾಯಿಯ ರಕ್ತವೂ ತಂದೆಯ ರಕ್ತವೂ, ಹಾಲು ನೀರು ಬೆರೆತಂತೆ, ಮರಿಯಲ್ಲಿ ಬೆರೆಯುವುದಿಲ್ಲ. ಕುದುರೆಯ ಪ್ರತಿಯೊಂದು ಜೀವಕೋಶದಲ್ಲಿ 32 ಜೊತೆ, ಅಂದರೆ 64 ಕ್ರೋಮೊಸೋಮುಗಳಿವೆ. ಗುಣಗಳನ್ನು ನಿರ್ಧರಿಸುವ ಜೀನುಗಳು ಇವುಗಳ ಮೇಲಿವೆ. ಮರಿಗೆ ಪ್ರತಿಯೊಂದು ಜೊತೆಯಿಂದ ಒಂದನ್ನು ತಾಯಿಯೂ ಒಂದನ್ನು ತಂದೆಯೂ ಕೊಡುವರು. ಯಾವುದು ಬರುವುದೆಂಬುದು ಕಾಸು ಚಿಮ್ಮಿ ನೋಡಿದ ಹಾಗೆ. 32 ಬಾರಿ ಕಾಸು ಚಿಮ್ಮಿದರೆ ಆಗಬಹುದಾದ ಕ್ರಮಗಳು 429 ಕೋಟಿಗೂ ಹೆಚ್ಚು. ಇದು ಒಬ್ಬ ಜನಕನ ಲೆಕ್ಕ ಮಾತ್ರ. ಆದಕಾರಣ ಒಡಹುಟ್ಟಿದ ಎರಡು ಕುದುರೆಗಳ ವಂಶಾವಳಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಬಹುದಾದರೂ ಕುದುರೆಗಳನ್ನು ಹೋಲಿಸಲಾಗುವುದಿಲ್ಲ.

ಇದಕ್ಕೆ ಅಮೆರಿಕದ ‘ಸೆಕ್ರೆಟೇರಿಯಟ್’ಗಿಂತ ಒಳ್ಳೆಯ ನಿದರ್ಶನ ಸಿಕ್ಕದು. 1973ರ ಬೆಲ್ಮಾಂಟ್ ಪಂದ್ಯದಲ್ಲಿ ಅದು ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡುಗಳಲ್ಲಿ ಓಡಿ, ಎರಡನೆಯ ಕುದುರೆಯನ್ನು 31 ಕುದುರೆಗಳ ಉದ್ದದಷ್ಟು ಹಿಂದಕ್ಕೆ ಬಿಟ್ಟಿತು. 1989ರಲ್ಲಿ ಅದು ಸತ್ತಾಗ ಪರೀಕ್ಷಿಸಿದ ವೈದ್ಯರು ಅದರ ಹೃದಯ ಸುಮಾರು 22 ಪೌಂಡು ತೂಗಬಹುದೆಂದು ಅಂದಾಜು ಮಾಡಿದರು. ಸಾಮಾನ್ಯ ಕುದುರೆಯದಕ್ಕೆ ಎರಡರಷ್ಟಕ್ಕಿಂತ ಹೆಚ್ಚು. (ಇದನ್ನು ತಕ್ಕಡಿಯಲ್ಲಿಟ್ಟು ತೂಗಲಿಲ್ಲವೆಂಬುದನ್ನು ಕತೆ ಹೇಳುವವರು ಮರೆಯುವುದುಂಟು.) ಅದೇ ತಂದೆ, ಅದೇ ತಾಯಿ, ಒಂದು ವರ್ಷ ಮುಂಚೆ ಹುಟ್ಟಿದ ಅಕ್ಕ ‘ದಿ ಬ್ರೈಡ್’. ಅದು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಹೀಗೆಂದು ಕುಲವೆಂಬುದು ಬರಿಯ ಭ್ರಮೆಯೆಂದು ತೀರ್ಮಾನಿಸುವುದೂ ತಪ್ಪು. ನೂರು ಕುದುರೆಗಳು ಓಡಿದಾಗ ಅವುಗಳ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣುತ್ತದಷ್ಟೆ. ಆ ವ್ಯತ್ಯಾಸದ ಎಷ್ಟು ಪಾಲು ಜೀನುಗಳಿಂದ ಬಂದುದೆಂದು ಅಳೆಯುವ ಗಣಿತವಿದೆ. ಪಂದ್ಯದ ಕುದುರೆಗಳಿಗೆ ಕೊಡುವ ಸಾಮರ್ಥ್ಯಾಂಕಗಳನ್ನು ಆಧರಿಸಿ ಗ್ಯಾಫ್ನಿ ಮತ್ತು ಕನಿಂಗ್‌ಹ್ಯಾಮ್ ಎಂಬ ವಿಜ್ಞಾನಿಗಳು 1988ರಲ್ಲಿ ಈ ಪಾಲು ಸುಮಾರು ಮೂರರಲ್ಲಿ ಒಂದೆಂದು ಹೇಳಿದರು. ಆದರೆ ಜೀವಮಾನದಲ್ಲಿ ಗಳಿಸಿದ ಬಹುಮಾನದ ಹಣವನ್ನು ಅಳತೆಗೋಲಾಗಿ ಹಿಡಿದ ಎಡಿನ್‌ಬರೋದ ಸಂಶೋಧಕರಿಗೆ 2008ರಲ್ಲಿ ದೊರೆತದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದುದು ಮೇವು, ತರಬೇತಿ, ಸವಾರ, ಒಡೆಯನ ಹಣಬಲ, ಅದೃಷ್ಟ. ಅವರು ಕಂಡ ಇನ್ನೊಂದು ಸಂಗತಿ ವ್ಯಾಪಾರಿಗಳಿಗೆ ಅಷ್ಟು ಪ್ರಿಯವಾಗಲಾರದು: ಬೀಜದ ಕುದುರೆಗೆ ಕೇಳುವ ಶುಲ್ಕ ಅದರ ಜೀನುಗಳ ಯೋಗ್ಯತೆಗೆ ನಂಬಲರ್ಹವಾದ ಗುರುತಲ್ಲ.

ಒಂದು ವಿಷಯದಲ್ಲಿ ಮಾತ್ರ ಕುಲದ ಮಾತು ಬಹಳ ಸ್ಪಷ್ಟ. ಕುದುರೆ ಎಷ್ಟು ಚೆನ್ನಾಗಿ ಓಡುವುದೆಂಬುದಕ್ಕಿಂತ ಎಷ್ಟು ದೂರ ಓಡಲು ತಕ್ಕದ್ದೆಂಬುದು ಜೀನಿನಿಂದ ತಿಳಿಯುತ್ತದೆ. ಮಾಂಸಖಂಡಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೋಸ್ಟ್ಯಾಟಿನ್ ಎಂಬ ವಸ್ತು ಎಲ್ಲ ಸಸ್ತನಿಗಳಲ್ಲಿಯೂ ಇದೆ. ಇದರ ಜೀನಿನಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾಗಿ, ಕೆಲವು ಥರೋಬ್ರೆಡ್‌ಗಳಲ್ಲಿ ‘ಸಿ’ ಎಂಬ ರೂಪವೂ ಕೆಲವುಗಳಲ್ಲಿ ‘ಟಿ’ ಎಂಬ ರೂಪವೂ ಇರುವುದನ್ನು ಡಬ್ಲಿನ್ನಿನ ಎಮ್ಮೆಲಿನ್ ಹಿಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ತಾಯಿಯಿಂದಲೂ ತಂದೆಯಿಂದಲೂ ‘ಸಿ’ ಬಂದಿದ್ದರೆ ಕುದುರೆ ದಪ್ಪ ತೊಡೆಯದು, ಬೇಗ ಬಲಿಯುವಂಥದು, ಸಾವಿರ ಸಾವಿರದಿನ್ನೂರು ಮೀಟರುಗಳ ಓಟಕ್ಕೆ ತಕ್ಕದ್ದು. ಎರಡೂ ‘ಟಿ’ ಆಗಿದ್ದರೆ ಅದು ನಿಧಾನವಾಗಿ ಬಲಿತು ಎರಡು ಸಾವಿರ ಮೀಟರಿಗೂ ಮೇಲಾದ ಓಟದಲ್ಲಿ ತಾಳಿಕೊಳ್ಳುತ್ತದೆ. ಒಂದೊಂದಿದ್ದರೆ ನಡುವಿನ ದೂರ. ‘ಸಿ’ ರೂಪ ಈ ತಳಿಗೆ ಎಲ್ಲಿಂದ ಬಂತು? 2012ರ ಸಂಶೋಧನೆಯ ಪ್ರಕಾರ, ಕೀರ್ತಿವೆತ್ತ ಆ ಮೂರು ಗಂಡು ಕುದುರೆಗಳಿಂದಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿದ್ದ ಯಾವುದೋ ನಾಡತಳಿಯ ಹೆಣ್ಣು ಕುದುರೆಯಿಂದ. ಅದರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಸ್ವಭಾವದ ವಿಚಾರ ಇದಕ್ಕಿಂತ ತೊಡಕಿನದು. ಥರೋಬ್ರೆಡ್ ಬಿಸಿ ಸ್ವಭಾವದ್ದು, ಬೆಚ್ಚುವಂಥದು ಎಂಬುದು ಎಲ್ಲರ ಅನುಭವ. ಆದರೆ ಬೆಚ್ಚುವ ತಾಯಿಯ ಮರಿ ಬೆಚ್ಚಿದರೆ ಅದು ಜೀನಿನಿಂದ ಬಂದದ್ದೋ, ತಿಂಗಳುಗಟ್ಟಲೆ ತಾಯಿಯ ಮಗ್ಗುಲಲ್ಲಿದ್ದು ಕಲಿತದ್ದೋ? ಇದನ್ನು ಬಿಡಿಸಲು ಕುದುರೆ ಫಾರಮಿನ ವ್ಯವಸ್ಥೆಯೇ ಒಂದು ಉಪಾಯ ಒದಗಿಸುತ್ತದೆ. ಬೀಜದ ಕುದುರೆಯು ತನ್ನ ಮರಿಗಳನ್ನು ಸಾಕುವುದೇ ಇಲ್ಲ. ಹೀಗಿರಲು, ಬೇರೆ ಬೇರೆ ತಾಯಂದಿರಿಗೆ ಹುಟ್ಟಿ ಬೇರೆ ಬೇರೆ ಕಡೆ ಬೆಳೆದ ಒಂದೇ ತಂದೆಯ ಮಕ್ಕಳಲ್ಲಿ ಸ್ವಭಾವದ ಹೋಲಿಕೆ ಕಂಡರೆ ಅದನ್ನು ಜೀನಿನ ಲೆಕ್ಕಕ್ಕೆ ಹಾಕಬಹುದು. ಫ್ರಾನ್ಸಿನಲ್ಲಿ ಇಂಥ ಪರೀಕ್ಷೆ ನಡೆದು, ತಂದೆಯ ಪ್ರಭಾವ ಇರುವುದೆಂದೂ, ಜೊತೆಗೆ ಕುದುರೆ ಮಾಡುವ ಕೆಲಸದ ಪ್ರಭಾವವೂ ಗಣನೀಯವೆಂದೂ 2004ರಲ್ಲಿ ತಿಳಿದುಬಂದಿತು. ಮರುವರ್ಷ ಜಪಾನಿನ ವಿಜ್ಞಾನಿಗಳು ಎರಡು ವರ್ಷದ ಥರೋಬ್ರೆಡ್‌ಗಳ ಕುತೂಹಲಕ್ಕೂ ಎಚ್ಚರಕ್ಕೂ ಮಿದುಳಿನ ಡೋಪಮೈನ್ ಗ್ರಾಹಕದ ಒಂದು ಜೀನಿಗೂ ಸಂಬಂಧವಿರುವುದನ್ನು ಕಂಡರು. ಆದರೂ ಓಟದ ದೂರವನ್ನು ನಿರ್ಧರಿಸುವಂತೆ ಸ್ವಭಾವವನ್ನು ನಿರ್ಧರಿಸುವ ಒಂಟಿ ಜೀನು ಯಾವುದೂ ಇಲ್ಲ.

ಇಲ್ಲಿ ನಮ್ಮ ರೈತನ ಸುಳಿಯ ವಿಷಯವನ್ನು ಹೇಳದೆ ಮುಂದುವರಿಯಲಾರೆ. ಸುಳಿ ನೋಡಿ ಮನೆಗೆ ಶುಭಾಶುಭ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ಪ್ರಾಣಿ ವಿಜ್ಞಾನಿ ಮತ್ತು ಸಂಗಡಿಗರು, ಹಣೆಯ ಸುಳಿ ಕಣ್ಣುಗಳ ಮಟ್ಟಕ್ಕಿಂತ ಮೇಲಿರುವ ದನಗಳು ಹಿಡಿದು ಕಟ್ಟಿದಾಗ ಹೆಚ್ಚು ಕೊಸರಾಡುವುದನ್ನು 1995ರಲ್ಲಿ ವರದಿಮಾಡಿದರು. ಪೋಲೆಂಡಿನ ಕೋನಿಕ್ ಕುದುರೆಗಳಲ್ಲಿಯೂ ಇಂಥದೇ ಸಂಬಂಧ ಕಂಡಿತು. ಭ್ರೂಣದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಹುಟ್ಟುವುದರಿಂದ ಇದು ಅಸಂಭವವೇನಲ್ಲ.

ಬಾಗಿಲು ಮುಚ್ಚಿದ ವಂಶಾವಳಿಗೆ ಒಂದು ಅಪಾಯವಿದೆ. ಗೆದ್ದ ಕುದುರೆಗೇ ಮತ್ತೆ ಮತ್ತೆ ಹೆಣ್ಣುಗಳನ್ನು ತರುವುದರಿಂದ ಎಲ್ಲ ಕುದುರೆಗಳೂ ನಂಟರಾಗುತ್ತವೆ. ಹಲವು ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ಥರೋಬ್ರೆಡ್‌ಗಳನ್ನು ಪರೀಕ್ಷಿಸಿದ 2020ರ ಅಧ್ಯಯನದಲ್ಲಿ, ನೂರಕ್ಕೆ 97ರ ವಂಶಾವಳಿಯಲ್ಲಿ 1961ರಲ್ಲಿ ಹುಟ್ಟಿದ ‘ನಾರ್ದರ್ನ್ ಡ್ಯಾನ್ಸರ್’ ಎಂಬ ಒಂದೇ ಕುದುರೆಯ ಹೆಸರಿತ್ತು. ಒಳಸಂಬಂಧ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಮರಿಯು ಒಮ್ಮೆಯಾದರೂ ಪಂದ್ಯಕ್ಕೆ ಇಳಿಯುವ ಸಂಭವ ನೂರಕ್ಕೆ ಏಳರಷ್ಟು ಇಳಿಯುವುದೆಂದು 2022ರಲ್ಲಿ ಗೊತ್ತಾಯಿತು. ವೇಗದ ಮಾತು ಹಾಗಿರಲಿ, ಓಡುವುದಕ್ಕೇ ಸಂದೇಹ!

ಉತ್ತರದ ತಾಲ್ಲೂಕುಗಳ ದನಗಳಿಗೆ ಒದಗಿರುವ ಅಪಾಯ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ವಂಶಾವಳಿಯ ಪುಸ್ತಕವಿಲ್ಲ. ಬೀಜದ ಹೋರಿಗಳೂ ಅವುಗಳ ಕುಲವನ್ನು ಬಾಯಲ್ಲಿ ಹೇಳಬಲ್ಲ ಹಿರಿಯರೂ ಕಡಮೆಯಾಗುತ್ತಿದ್ದಾರೆ. ಟ್ರಾಕ್ಟರು ಬಂದ ಮೇಲೆ ಎತ್ತಿನ ನಡಿಗೆಗೆ ಬೆಲೆ ಕುಂದಿ, ಹಾಲಿಗಾಗಿ ಸೀಮೆಹಸುವಿನ ಮಿಶ್ರತಳಿ ಹರಡಿತು. ಕುಲ ಕೈಬಿಟ್ಟರೆ ಏನಾಗುವುದೆಂಬುದಕ್ಕೆ ಈ ನಾಡಿನಲ್ಲಿಯೇ ಹಿಂದೆ ಒಂದು ಪ್ರಸಂಗ ನಡೆದಿದೆ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಮೈಸೂರಿನ ಅಮೃತಮಹಲ್ ತಳಿ ಬೆಳೆಯಿತು. ಇವುಗಳಲ್ಲಿ ಹಾಗಲವಾಡಿ ಇದೇ ಜಿಲ್ಲೆಯದು; ಚಿತ್ರದುರ್ಗದ ಸೀಮೆ ಶಿರಾಕ್ಕೆ ತಾಗಿದ್ದು. ಚಿದಂಬರದ ನೆರವಿಗೆ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದುದು ಈ ಎತ್ತುಗಳ ಬಲದಿಂದ. ಕಾವಲುಗಳಲ್ಲಿ ಅರೆಕಾಡಾಗಿ ಬೆಳೆದ ಅವು ಹೊಸಬರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಪಳಗಿದ ಮೇಲೆ ಅವುಗಳ ತಾಳ್ಮೆಗೆ ಎಣೆಯಿರಲಿಲ್ಲ. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಸರ್ಕಾರವು ಅಮೃತಮಹಲ್ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಆರೇ ವರ್ಷಗಳಲ್ಲಿ ಸೈನ್ಯದ ಬಂಡಿಗಳಿಗೆ ಒಳ್ಳೆಯ ಎತ್ತುಗಳು ಸಿಕ್ಕದೆ 1866ರಲ್ಲಿ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. ಚೆದರಿ ಹೋಗಿದ್ದ ಹಸುಗಳನ್ನೂ ಹೋರಿಗಳನ್ನೂ ಹುಡುಕಿ ಕೂಡಿಸಬೇಕಾಗಿ ಬಂದದ್ದು ಆಗಲೇ. ಆ ಹಿಂಡಿನ ಸಂತತಿಯನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ಇಂದಿಗೂ ಕಾಣಬಹುದು.