ಸರ್ವರ್ ಇಲ್ಲ ಅಂದಾಗ ಅಕ್ಕಿ ಯಾರಿಗೆ? ಡೇಟಾಬೇಸ್ ಆಯ್ಕೆಯ ಹಿಂದಿರುವ ಪ್ರಶ್ನೆ

ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಲ್ಲಿ ಪದೇ ಪದೇ ಬರುವ ಪ್ರಶ್ನೆಯೊಂದಿದೆ: ರಿಲೇಷನಲ್ ಡೇಟಾಬೇಸ್ ಯಾವಾಗ, ನಾನ್-ರಿಲೇಷನಲ್ ಯಾವಾಗ? ಬಾಯಿಪಾಠದ ಉತ್ತರವೂ ರೆಡಿ ಇರುತ್ತೆ. ಡೇಟಾ ಕಮ್ಮಿ ಇದ್ದರೆ ಎಸ್‌ಕ್ಯೂಎಲ್, ಜಾಸ್ತಿ ಇದ್ದರೆ ನೋಎಸ್‌ಕ್ಯೂಎಲ್. ಕೆಲಸ ಸಿಗೋದಕ್ಕೆ ಇಷ್ಟು ಸಾಕಾಗಬಹುದು. ಆದರೆ ಪಿಂಚಣಿ, ಪಡಿತರ, ಪಹಣಿ ಎಲ್ಲವೂ ಯಾವುದೋ ಡೇಟಾಬೇಸಿನ ಸಾಲುಗಳಾಗಿರುವ ಕಾಲದಲ್ಲಿ, ರಾಜಕೀಯದಲ್ಲಿ ಆಸಕ್ತಿ ಇರುವ ಯಾರೂ ಈ ಪ್ರಶ್ನೆಯನ್ನು ಇಂಜಿನಿಯರುಗಳಿಗೆ ಬಿಟ್ಟು ಸುಮ್ಮನಿರಬಾರದು ಅನ್ನೋದು ನನ್ನ ಅಭಿಪ್ರಾಯ.

ಪಡಿತರ ಚೀಟಿಯನ್ನೇ ತಗೊಳ್ಳಿ. ರಿಲೇಷನಲ್ ಪದ್ಧತಿಯಲ್ಲಿ ಇದನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಬರೆದಿಡುತ್ತೇವೆ. ಕಾರ್ಡುಗಳಿಗೊಂದು ಕೋಷ್ಟಕ, ಸದಸ್ಯರಿಗೊಂದು, ನ್ಯಾಯಬೆಲೆ ಅಂಗಡಿಗಳಿಗೊಂದು. ಸದಸ್ಯರ ಪ್ರತಿ ಸಾಲಿನಲ್ಲೂ ಅವರ ಕಾರ್ಡಿನ ಸಂಖ್ಯೆ ಇರುತ್ತೆ, ಕಾರ್ಡಿನ ಸಾಲಿನಲ್ಲಿ ಅಂಗಡಿಯ ಸಂಖ್ಯೆ. ಅಂಗಡಿಯ ವಿಳಾಸ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಒಂದು ಸಂಗತಿಗೆ ಒಂದೇ ಜಾಗ ಅನ್ನೋದು ಇಲ್ಲಿನ ತತ್ವ. ನಾನ್-ರಿಲೇಷನಲ್ ಅನ್ನೋದು ಹಲವು ಬಗೆಗಳಿಗೆ ಇಟ್ಟ ಒಂದೇ ಹೆಸರು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾಂಗೋಡಿಬಿಯಂಥ ಡಾಕ್ಯುಮೆಂಟ್ ಡೇಟಾಬೇಸ್. ಅಲ್ಲಿ ಒಂದು ಕುಟುಂಬದ ಸದಸ್ಯರು, ಅಂಗಡಿ, ವಿಳಾಸ ಎಲ್ಲವನ್ನೂ ಒಂದೇ ಫೈಲಿನೊಳಗೆ ತುಂಬಿ ಇಡಬಹುದು. ತೆರೆದರೆ ಎಲ್ಲ ಒಟ್ಟಿಗೆ ಸಿಗುತ್ತೆ, ಓದೋದು ಸುಲಭ. ಪ್ರತಿ ಫೈಲೂ ಒಂದೇ ಥರ ಇರಬೇಕೆಂಬ ನಿಯಮವೂ ಇಲ್ಲ.

ನಾನ್-ರಿಲೇಷನಲ್ ಅನ್ನೋದು ಹೊಸದು ಅಂತ ಅನೇಕರು ತಿಳಿದಿದ್ದಾರೆ. ನಿಜಕ್ಕೂ ಅದೇ ಹಳೆಯದು. 1960ರ ದಶಕದಲ್ಲಿ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕ ಇಡಲು ಐಬಿಎಂ ಕಟ್ಟಿದ ಐಎಂಎಸ್ ಮರದ ಆಕಾರದ ಡೇಟಾಬೇಸ್. ಯಾವ ಕೊಂಬೆಯಿಂದ ಇಳಿದು ಯಾವ ರೆಂಬೆಗೆ ಹೋಗಬೇಕು ಅನ್ನೋದು ಪ್ರೋಗ್ರಾಮ್ ಬರೆಯುವವರಿಗೆ ಗೊತ್ತಿರಬೇಕಿತ್ತು. 1970ರಲ್ಲಿ ಅದೇ ಐಬಿಎಂನ ಎಡ್ಗರ್ ಕಾಡ್ ಇದನ್ನು ತಿರುಗಿಸಿದರು. ದತ್ತಾಂಶ ಹೇಗೆ ಜೋಡಿಸಿದೆ ಅಂತ ತಿಳಿಯದವರೂ ಅದನ್ನು ಪ್ರಶ್ನೆ ಕೇಳುವಂತಿರಬೇಕು ಅನ್ನೋದು ಅವರ ವಾದ. ನನಗೆ ಇದರಲ್ಲಿ ಪ್ರಜಾಪ್ರಭುತ್ವದ ವಾಸನೆ ಬರುತ್ತೆ, ಕಾಡ್ ಹಾಗೆ ಯೋಚಿಸಿದ್ದರೋ ಇಲ್ಲವೋ ಬೇರೆ ಮಾತು.

ಕೋಷ್ಟಕದ ನಿಜವಾದ ಬಲ ಕಾಣೋದು ಮದುವೆಯಲ್ಲಿ! ಮದುವೆಯಾದ ಹೆಣ್ಣುಮಗಳ ಹೆಸರು ತವರಿನ ಕಾರ್ಡಿನಿಂದ ಹೋಗಬೇಕು, ಗಂಡನ ಮನೆಯ ಕಾರ್ಡಿಗೆ ಬರಬೇಕು. ಮೊದಲನೆಯದು ಆಗಿ ಎರಡನೆಯದು ನಿಂತರೆ ಆಕೆಗೆ ಎರಡೂ ಮನೆಯಲ್ಲಿ ಅಕ್ಕಿ ಇಲ್ಲ. ರಿಲೇಷನಲ್ ಡೇಟಾಬೇಸುಗಳಲ್ಲಿ ಇದಕ್ಕೆ ಟ್ರಾನ್ಸಾಕ್ಷನ್ ಅನ್ನೋ ಏರ್ಪಾಡಿದೆ. ಎರಡೂ ಕೆಲಸ ಆಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು. ನಡುವೆ ಕರೆಂಟ್ ಹೋದರೂ ಆಕೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತೆ. ಎರಡು ಫೈಲುಗಳನ್ನು ತಿದ್ದುವಾಗ ಇದೇ ಭರವಸೆ ಕೊಡುವ ಸೌಲಭ್ಯ ಮಾಂಗೋಡಿಬಿಗೆ ಬಂದದ್ದು 2018ರಲ್ಲಿ. ಒಂದು ಎಚ್ಚರಿಕೆ: ತೆಗೆಯೋದಕ್ಕೆ ಒಂದು ಅರ್ಜಿ, ಸೇರಿಸೋದಕ್ಕೆ ಇನ್ನೊಂದು ಕಚೇರಿ, ಇನ್ನೊಂದು ದಿನಾಂಕ ಅಂತ ಪದ್ಧತಿಯನ್ನೇ ಒಡೆದಿಟ್ಟರೆ ಯಾವ ಡೇಟಾಬೇಸೂ ಕಾಪಾಡಲ್ಲ.

ಹಾಗಾದರೆ ನೋಎಸ್‌ಕ್ಯೂಎಲ್ ಯಾಕೆ ಬಂತು? ಜಾಲತಾಣಗಳು ಒಂದು ಯಂತ್ರದಲ್ಲಿ ಹಿಡಿಸದಷ್ಟು ಬೆಳೆದವು. ಗೂಗಲ್ 2006ರಲ್ಲಿ ಬಿಗ್‌ಟೇಬಲ್ ಬಗ್ಗೆ, ಅಮೆಜಾನ್ 2007ರಲ್ಲಿ ಡೈನಮೋ ಬಗ್ಗೆ ಪ್ರಬಂಧ ಪ್ರಕಟಿಸಿದವು. ಅಮೆಜಾನಿನ ಚಿಂತೆ ಸ್ಪಷ್ಟವಾಗಿತ್ತು: ಏನೇ ಕೆಡಲಿ, ಗಿರಾಕಿ ಬುಟ್ಟಿಗೆ ಸಾಮಾನು ಹಾಕೋದು ನಿಲ್ಲಬಾರದು. ಅದಕ್ಕಾಗಿ, ತೆಗೆದುಹಾಕಿದ ವಸ್ತು ಕೆಲವೊಮ್ಮೆ ಬುಟ್ಟಿಯಲ್ಲಿ ಮತ್ತೆ ಕಾಣಿಸಿಕೊಂಡರೂ ಸರಿ ಅಂತ ಒಪ್ಪಿಕೊಂಡರು. ವ್ಯಾಪಾರಕ್ಕೆ ಇದು ಜಾಣತನ.

ಇದರ ಹಿಂದಿನ ಸಿದ್ಧಾಂತವನ್ನು 2000ದಲ್ಲಿ ಎರಿಕ್ ಬ್ರೂವರ್ ಮಂಡಿಸಿದರು. ಎರಡು ವರ್ಷದ ನಂತರ ಗಿಲ್ಬರ್ಟ್ ಮತ್ತು ಲಿಂಚ್ ಅದನ್ನು ಸಾಧಿಸಿ ತೋರಿಸಿದರು. ಯಂತ್ರಗಳ ನಡುವಿನ ಸಂಪರ್ಕ ಕಡಿದಾಗ ನಿಮಗೆ ಎರಡೇ ದಾರಿ. ಲೆಕ್ಕ ತಪ್ಪಬಾರದು ಅಂದರೆ ಕೆಲಸ ನಿಲ್ಲಿಸಿ. ಕೆಲಸ ನಿಲ್ಲಬಾರದು ಅಂದರೆ ಲೆಕ್ಕ ಆಮೇಲೆ ಸರಿಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಕೊಡ್ತೀನಿ ಅನ್ನುವವರನ್ನು ನಂಬಬೇಡಿ.

ಈಗ ನ್ಯಾಯಬೆಲೆ ಅಂಗಡಿಗೆ ಬನ್ನಿ. ಕಲಬುರಗಿಯ ಕಾರ್ಡುದಾರರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಇಲ್ಲೇ ಪಡಿತರ ತಗೋತಾರೆ. ತಂಬ್ ಕೊಟ್ಟರು, ನೆಟ್‌ವರ್ಕ್ ಇಲ್ಲ. ಅಂಗಡಿಯ ಮಷೀನು "ಸರ್ವರ್ ಬಂದಮೇಲೆ ಬನ್ನಿ" ಅನ್ನಬೇಕಾ, ಅಥವಾ ಅಕ್ಕಿ ಕೊಟ್ಟು ಆಮೇಲೆ ಲೆಕ್ಕ ಹೊಂದಿಸಬೇಕಾ? ಮೊದಲನೆಯದರಲ್ಲಿ ತಪ್ಪಿನ ಹೊರೆ ಕಾರ್ಡುದಾರರ ಮೇಲೆ, ಒಂದು ದಿನದ ಕೂಲಿ ಹೋಯ್ತು. ಎರಡನೆಯದರಲ್ಲಿ ಹೊರೆ ಸರ್ಕಾರದ ಮೇಲೆ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬಕ್ಕೆ ತಲಾ ತಿಂಗಳಿಗೆ 5 ಕೆಜಿ. ನಾಲ್ಕು ಜನರ ಮನೆಯವರು ಎರಡು ಕಡೆ ತಗೊಂಡರು ಅಂತಲೇ ಇಟ್ಕೊಳ್ಳಿ, ಹೆಚ್ಚುವರಿ ಹೋಗೋದು 20 ಕೆಜಿ. ಮುಂದಿನ ತಿಂಗಳು ಕಳೆಯಬಹುದು. ಹಸಿವನ್ನು ಹಾಗೆ ಮುಂದಿನ ತಿಂಗಳಿಗೆ ಹಾಕೋಕಾಗುತ್ತಾ? ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕು ಅಂತ ಅದೇ 2013ರ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತೆ. ಅಂದರೆ ಕಾನೂನು ಯಾರ ಕಡೆ ವಾಲಿದೆ ಅನ್ನೋದು ಸ್ಪಷ್ಟ. ಹಾಗಾಗಿ ನಾನಾದರೆ, ಕಾರ್ಡಿನ ಮೂಲ ದಾಖಲೆಯನ್ನು ಬಿಗಿಯಾದ ಕೋಷ್ಟಕದಲ್ಲೇ ಇಡ್ತೀನಿ. ವಿತರಣೆಯನ್ನು ಮಾತ್ರ ಸಂಪರ್ಕ ಕಡಿದಾಗಲೂ ನಡೆಯುವಂತೆ, ಮಷೀನಿನಲ್ಲೇ ಬರೆದುಕೊಂಡು ನಂತರ ಕಳಿಸುವಂತೆ ಕಟ್ಟುತ್ತೀನಿ. ಒಂದೇ ವ್ಯವಸ್ಥೆಯಲ್ಲಿ ಎರಡು ಬೇರೆ ಉತ್ತರ, ಅದರಲ್ಲಿ ವಿರೋಧಾಭಾಸ ಏನೂ ಇಲ್ಲ.

ದೂರು ಸಂಗ್ರಹಿಸುವ ನಮ್ಮಂಥವರ ಕಡೆಯೂ ನೋಡೋಣ. ಯುವ ಸ್ವಯಂಸೇವಕರ ತಂಡಗಳಿಗೆ ನಾನು ಆಗಾಗ ಇಂಥ ವಿಷಯಕ್ಕೆ ಸಲಹೆ ಕೊಡ್ತೀನಿ. ಪಡಿತರದ ದೂರುಗಳು ಹೇಗೆ ಬರುತ್ತವೆ? ಒಬ್ಬರು ವಾಟ್ಸಾಪಿನಲ್ಲಿ ಧ್ವನಿ ಕಳಿಸ್ತಾರೆ, ಇನ್ನೊಬ್ಬರು ರಸೀದಿಯ ಫೋಟೋ, ಮತ್ತೊಬ್ಬರು ಒಂದು ಸಾಲು. ಇದಕ್ಕೆ ಮೊದಲ ದಿನವೇ ಇಪ್ಪತ್ತು ಕಾಲಮ್ಮಿನ ಕೋಷ್ಟಕ ಮಾಡಿದರೆ ಅರ್ಧ ಖಾಲಿ ಬೀಳುತ್ತೆ. ಡಾಕ್ಯುಮೆಂಟ್ ರೂಪ ಇಲ್ಲಿ ಸಹಜ. ತೊಂದರೆ ಬರೋದು ಮೂರು ತಿಂಗಳ ನಂತರ, ತಹಶೀಲ್ದಾರರ ಮುಂದೆ ಕೂತಾಗ. ಯಾವ ಅಂಗಡಿ, ಯಾವ ತಿಂಗಳು, ಎಷ್ಟು ಜನ ಅಂತ ಅವರು ಕೇಳ್ತಾರೆ. ನಿಮ್ಮ ಫೈಲುಗಳಲ್ಲಿ ಒಂದೇ ಸಮಸ್ಯೆ "ತಂಬ್ ಬರ್ತಿಲ್ಲ", "ಬೆರಳಚ್ಚು ಹೊಂದಿಲ್ಲ", "ಬಯೋಮೆಟ್ರಿಕ್ ಫೇಲ್" ಅಂತ ಮೂರು ಹೆಸರಿನಲ್ಲಿ ಚದುರಿರುತ್ತೆ. ಎಣಿಸೋಕಾಗಲ್ಲ. ಎಣಿಸಲಾಗದ ದೂರನ್ನು ತಳ್ಳಿಹಾಕೋದು ಅಧಿಕಾರಿಗಳಿಗೆ ಬಹಳ ಸುಲಭ.

ಆದ್ದರಿಂದ ಅಂಗಡಿ, ತಿಂಗಳು, ಸಮಸ್ಯೆಯ ಬಗೆ ಇವನ್ನು ಖಡಾಖಂಡಿತ ಕಾಲಮ್ಮುಗಳಾಗಿ ಇಡಿ, ಉಳಿದದ್ದು ಸಡಿಲವಾಗಿರಲಿ. ಎರಡೂ ಒಂದೇ ಕಡೆ ಸಿಗುತ್ತೆ. ಪೋಸ್ಟ್‌ಗ್ರೆಸ್ ಅನ್ನೋ ಉಚಿತ ರಿಲೇಷನಲ್ ಡೇಟಾಬೇಸಿಗೆ 2014ರಲ್ಲೇ ಜೇಸನ್‌ಬಿ ಬಂತು. ಕೋಷ್ಟಕದ ಒಂದು ಕಾಲಮ್ಮಿನಲ್ಲಿ ಇಡೀ ಡಾಕ್ಯುಮೆಂಟ್ ಇಡಬಹುದು, ಅದರೊಳಗೆ ಹುಡುಕಬಹುದು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ತನ್ನ ಲೇಖನಗಳನ್ನು ವರ್ಷಗಟ್ಟಲೆ ಮಾಂಗೋಡಿಬಿಯಲ್ಲಿ ಇಟ್ಟಿತ್ತು. 2018ರಲ್ಲಿ ಪೋಸ್ಟ್‌ಗ್ರೆಸ್‌ಗೆ ಬಂದಾಗ ಇದೇ ಜೇಸನ್‌ಬಿ ಕಾಲಮ್ಮು ಬಳಸಿತು. ದಿನಕ್ಕೆ ಕೋಟ್ಯಂತರ ಬರಹ ತುಂಬುವ ಸೆನ್ಸಾರ್ ಜಾಲವೋ, ಭಾರೀ ಚಾಟ್ ಆ್ಯಪೋ ಕಟ್ಟುತ್ತಿದ್ದರೆ ಕ್ಯಾಸಾಂಡ್ರಾ ಕಡೆ ನೋಡಿ. ಒಂದು ಜಿಲ್ಲೆಯ ದೂರುಗಳಿಗೆ ಅದೆಲ್ಲ ಬೇಡ.

ಬಿಗಿ ಕೋಷ್ಟಕವೂ ಅನ್ಯಾಯ ಮಾಡುತ್ತೆ, ಅದನ್ನು ಮುಚ್ಚಿಡಲ್ಲ. ಲಿಂಗದ ಕಾಲಮ್ಮಿನಲ್ಲಿ ಎರಡೇ ಆಯ್ಕೆ ಇಟ್ಟರೆ, 2014ರಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ಗುರುತಿಸಿದವರನ್ನು ಆ ಡೇಟಾಬೇಸ್ ಒಳಗೆ ಬಿಡೋದೇ ಇಲ್ಲ. ಸರ್‌ನೇಮ್ ಕಡ್ಡಾಯ ಅಂದರೆ, ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುವ ನಮ್ಮೂರಿನ ಅರ್ಧ ಜನ ಅಪ್ಪನ ಹೆಸರನ್ನೋ ಚುಕ್ಕಿಯನ್ನೋ ತುಂಬಬೇಕು. ಹಾಗಂತ ಸಡಿಲ ಡೇಟಾಬೇಸಿನಲ್ಲಿ ನಿಯಮವೇ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿ ನಿಯಮ ಪ್ರೋಗ್ರಾಮಿನೊಳಗೆ ಅಡಗಿ ಕೂತಿರುತ್ತೆ, ಹೊರಗಿನವರಿಗೆ ಕಾಣೋದಿಲ್ಲ. ಕೋಷ್ಟಕದ ವಿನ್ಯಾಸವನ್ನಾದರೆ ಒಂದು ಹಾಳೆಯಲ್ಲಿ ಮುದ್ರಿಸಿ ಗ್ರಾಮಸಭೆಯಲ್ಲಿ ಇಟ್ಟು, ಈ ಕಾಲಮ್ ಯಾಕೆ ಕಡ್ಡಾಯ, ಆ ಆಯ್ಕೆ ಯಾಕಿಲ್ಲ ಅಂತ ಕೇಳಬಹುದು. ಬದಲಿಸೋಕೆ ಬೇಕಾಗಿರೋದು ಆಲ್ಟರ್ ಟೇಬಲ್ ಅನ್ನೋ ಒಂದು ಸಾಲಿನ ಆದೇಶ, ಮತ್ತು ಅದನ್ನು ಬರೆಯಲು ಹೇಳುವ ಅಧಿಕಾರಿ.