ಪಾರ್ಟು ಸಿಗದವರ ನಾಟಕ

ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಈಚೆಗೆ ಒಂದು ವಿಚಿತ್ರ ನಡೆಯುತ್ತಿದೆ. ವೇದಿಕೆ ಮೇಲೆ ಮಕ್ಕಳ ಬಾಯಿ ಆಡುತ್ತದೆ, ಮಾತು ಬರುವುದು ಮಾತ್ರ ಸ್ಪೀಕರಿನಿಂದ. ಸಂಭಾಷಣೆಯನ್ನೆಲ್ಲ ಮೊದಲೇ ಸ್ಟುಡಿಯೊದಲ್ಲಿ ಮುದ್ರಿಸಿ, ಹಿನ್ನೆಲೆ ಸಂಗೀತ ಸೇರಿಸಿ, ಪೆನ್‌ಡ್ರೈವಿನಲ್ಲಿ ತಂದಿರುತ್ತಾರೆ. ತುಟಿ ಹೊಂದಿಸುವುದಷ್ಟೇ ಮಕ್ಕಳ ಪಾಲಿನ ಕೆಲಸ. ಮೈಕು ಕೈಕೊಡುವುದಿಲ್ಲ, ಯಾರೂ ಮಾತು ಮರೆಯುವುದಿಲ್ಲ, ಅಪ್ಪಂದಿರ ಮೊಬೈಲಿನಲ್ಲಿ ವಿಡಿಯೊ ಚೊಕ್ಕಟವಾಗಿ ಬರುತ್ತದೆ. ಇದನ್ನು ನಾಟಕ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮಾತು ಮರೆತ ಕ್ಷಣದ ಗಮ್ಮತ್ತು ಗೊತ್ತಿದ್ದವರಿಗೇ ಗೊತ್ತು. ರಾಜ ತಡವರಿಸಿ ನಿಂತಿದ್ದಾನೆ. ಪರದೆ ಪಕ್ಕದಿಂದ ಪ್ರಾಂಪ್ಟರ್ ಪಿಸುಗುಡುತ್ತಿದ್ದಾನೆ, ರಾಜನಿಗೆ ಕೇಳುತ್ತಿಲ್ಲ, ಮೂರನೇ ಸಾಲಿನ ಪ್ರೇಕ್ಷಕರಿಗೆ ಕೇಳುತ್ತಿದೆ. ಆಗ ಮಂತ್ರಿ ಪಾರ್ಟಿನ ಹುಡುಗಿ, ಪುಸ್ತಕದಲ್ಲಿಲ್ಲದ ಮಾತು ಹುಟ್ಟಿಸಿ, ‘ಏನು ಪ್ರಭು, ಬೆಳಿಗ್ಗೆಯಿಂದ ಅದೇ ಯೋಚನೆಯೇ?’ ಅನ್ನುತ್ತಾಳೆ. ರಾಜನಿಗೆ ಎಳೆ ಸಿಗುತ್ತದೆ, ಆಟ ಮುಂದಕ್ಕೆ ಹೋಗುತ್ತದೆ. ಆ ಹುಡುಗಿ ಆಗ ಕಲಿತದ್ದನ್ನು ಯಾವ ಪರೀಕ್ಷೆಯಲ್ಲಿ ಕೇಳುತ್ತಾರೆ? ಮುದ್ರಿತ ಧ್ವನಿ ಮೊದಲು ಕಿತ್ತುಕೊಳ್ಳುವುದು ಈ ಸಂದರ್ಭವನ್ನೇ.

ಕನ್ನಡ ರಂಗಭೂಮಿಗೆ ಶಾಲಾ ನಾಟಕದ ಋಣ ಸಣ್ಣದೇನಲ್ಲ. ದಕ್ಷಿಣ ಕನ್ನಡದ ಮಂಚಿಯ ಹುಡುಗನೊಬ್ಬ ಮೂರನೇ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾರ್ಟು ಮಾಡಿದ. ಆಮೇಲೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ಬಿ.ವಿ. ಕಾರಂತರ ಈ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಇನ್ನೊಂದು ತುಣುಕಿದೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಹೊರಬಂದ ಮೇಲೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲವು ವರ್ಷ ನಾಟಕದ ಮೇಷ್ಟರಾಗಿದ್ದರು. ಮುಂದೆ 1979ರಲ್ಲಿ ಅವರ ಪತ್ನಿ ಪ್ರೇಮಾ ಕಾರಂತರು ‘ಬೆನಕ ಮಕ್ಕಳ ಕೇಂದ್ರ’ ಕಟ್ಟಿದರು. ಟ್ಯಾಗೋರರ ಗಿಳಿಯ ಕಥೆಯಿಂದ ಹುಟ್ಟಿದ ಕಾರಂತರ ‘ಪಂಜರ ಶಾಲೆ’ಯನ್ನು ಎಷ್ಟು ಊರಿನ ಮಕ್ಕಳು ಆಡಿದ್ದಾರೋ ಲೆಕ್ಕವಿಲ್ಲ. ಗಿಳಿಗೆ ವಿದ್ಯೆ ಕಲಿಸುತ್ತೇವೆಂದು ಚಿನ್ನದ ಪಂಜರ ಮಾಡಿಸಿ, ಪುಸ್ತಕದ ಹಾಳೆ ತುರುಕಿ, ಕೊನೆಗೆ ಗಿಳಿಯನ್ನೇ ಕೊಲ್ಲುವ ಕಥೆ ಅದು. ಅದನ್ನು ಶಾಲೆಯ ಅಂಗಳದಲ್ಲೇ, ಮೇಷ್ಟರ ಎದುರಿಗೇ ಆಡುವುದರಲ್ಲಿ ಮಕ್ಕಳಿಗೆ ಸಿಗುವ ಖುಷಿಯೇ ಬೇರೆ.

ಕಾರಂತರ ದಾರಿ ಶಾಲೆಗಳ ಹಳೆಯ ತೊಡಕೊಂದನ್ನೂ ಬಿಡಿಸಿತು. ತರಗತಿಯಲ್ಲಿ ನಲವತ್ತು ಮಕ್ಕಳು, ನಾಟಕದಲ್ಲಿ ಐದೇ ಪಾತ್ರ. ಉಳಿದವರನ್ನು ಮರವಾಗಿ ನಿಲ್ಲಿಸುವುದು ನಮ್ಮ ಸನಾತನ ಪದ್ಧತಿ. ಹಾಡುತ್ತ, ಕುಣಿಯುತ್ತ, ಬೇಕಾದಾಗ ಕಾಡಾಗಿ, ಸಂತೆಯಾಗಿ ಮಾರ್ಪಡುವ ಮೇಳ ವೇದಿಕೆ ಮೇಲಿದ್ದರೆ ಮೂವತ್ತೈದು ಮಕ್ಕಳಿಗೂ ಮೈತುಂಬ ಕೆಲಸ. ಯಕ್ಷಗಾನ, ಬಯಲಾಟ ನೋಡಿದ ಊರುಗಳಿಗೆ ಇದೇನೂ ಹೊಸತಲ್ಲ. ಕಲ್ಲು, ಬಿದಿರು, ತಗಡು ಏನು ಸಿಕ್ಕರೂ ಅದರಿಂದ ಸಂಗೀತ ತೆಗೆಯುತ್ತಿದ್ದ ಕಾರಂತರು, ಶಾಲೆಗೆ ಹಾರ್ಮೋನಿಯಂ ಇಲ್ಲ ಎಂಬ ನೆವವನ್ನೂ ಉಳಿಸಲಿಲ್ಲ.

ಇಷ್ಟಾದರೂ ಶಾಲಾ ನಾಟಕದ ಮುಕ್ಕಾಲು ಪಾಲು ನಡೆಯುವುದು ಪರದೆಯ ಹಿಂದೆಯೇ. ಅಲ್ಲಿ ನುಗ್ಗಿ ನೋಡಬೇಕು. ಹಳೆಯ ಪತ್ರಿಕೆ ಹರಿದು ನೆನೆಸಿ, ಮೈದಾ ಅಂಟು ಕಾಯಿಸಿ, ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿಸಿಕೊಂಡು ಮುಖವಾಡ ಅಂಟಿಸುವ ಗುಂಪೊಂದು. ಮೈಲುತುತ್ತ ವಿಷ, ಅದನ್ನು ಮೇಷ್ಟರೇ ಹಾಕಬೇಕು, ಮಕ್ಕಳು ಆಮೇಲೆ ಕೈ ತೊಳೆಯಬೇಕು. ಗುಡುಗಿಗೆ ತೂಗುಬಿಟ್ಟ ತಗಡು, ಕುದುರೆ ಓಟಕ್ಕೆ ತೆಂಗಿನ ಚಿಪ್ಪು, ರಾತ್ರಿಗೆ ದೀಪದ ಮುಂದೆ ನೀಲಿ ಹಾಳೆ. ಹ್ಯಾಲೋಜನ್ ದೀಪಕ್ಕೆ ಸಾದಾ ಬಣ್ಣದ ಕಾಗದ ತೀರಾ ಹತ್ತಿರ ಹಿಡಿದರೆ ಸುಟ್ಟ ವಾಸನೆ ಬರುತ್ತದೆ, ಶಾಖದ ಪಾಠ ಅಲ್ಲೇ ಆಗಿಹೋಗುತ್ತದೆ. ಸ್ಪಿರಿಟ್ ಗಮ್ಮಿನಲ್ಲಿ ಅಂಟಿಸಿದ ಮೀಸೆ ಬೆವರಿಗೆ ಜಾರಿ ಋಷಿಯ ಗಲ್ಲಕ್ಕೆ ಬಂದಿರುತ್ತದೆ. ಆಟ ಮುಗಿದ ಮೇಲೆ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ತರಬೇಕೆಂಬುದು ಪ್ರತಿವರ್ಷವೂ ಬಣ್ಣ ಹಚ್ಚಿ ಮುಗಿದ ಮೇಲೆಯೇ ನೆನಪಾಗುತ್ತದೆ.

ಇವರೆಲ್ಲರಿಗಿಂತ ಗಂಭೀರ ಮುಖದವನು ರಂಗಪರಿಕರದ ಉಸ್ತುವಾರಿ ಹುಡುಗ. ಅವನ ಕೈಯಲ್ಲೊಂದು ಪಟ್ಟಿ: ಎರಡನೇ ದೃಶ್ಯಕ್ಕೆ ಪತ್ರ, ಎಡಗಡೆಯಿಂದ, ನಾಲ್ಕನೆಯದಕ್ಕೆ ಕೊಡ, ಖಾಲಿ, ಬಲಗಡೆಯಿಂದ. ತಾಲೀಮಿನಲ್ಲಿ ಪತ್ರ ಕೊಡದೆ ದೂತನನ್ನು ಒಳಕ್ಕೆ ಅಟ್ಟಿ, ಅವನು ಬರಿಗೈಯಲ್ಲಿ ‘ಇಗೋ ಪತ್ರ’ ಅಂದದ್ದನ್ನು ಕಂಡವನು ಅವನು. ಅಂದಿನಿಂದ ಪಟ್ಟಿ ಕೈಬಿಟ್ಟಿಲ್ಲ. ಗಣಿತದಲ್ಲಿ ಹಿಂದೆ, ಹಾಜರಿಯಲ್ಲಿ ಇನ್ನೂ ಹಿಂದೆ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳು ಇಂಥ ಜಾಗದಲ್ಲಿ ಬೇರೆಯೇ ಆಗಿ ಕಾಣುತ್ತಾರೆ. ‘ನಮ್ಮ ಮಗನಿಗೆ ಪಾರ್ಟು ಕೊಡಲಿಲ್ಲ’ ಎಂದು ಜಗಳಕ್ಕೆ ಬರುವ ಪೋಷಕರನ್ನು ಒಂದು ಸಂಜೆ ಸೈಡ್ ವಿಂಗಿನಲ್ಲಿ ನಿಲ್ಲಿಸಬೇಕು. ಮೊಬೈಲು ಮಾತ್ರ ಹೊರಗಿಟ್ಟು ಬರಲಿ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳ ಜೊತೆ ರಂಗಭೂಮಿಯನ್ನೂ ಹತ್ತನೇ ತರಗತಿವರೆಗೆ ಕಲಿಕೆಯ ಭಾಗವಾಗಿಸಬೇಕೆಂದಿತು. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ರಂಗಶಿಕ್ಷಣ ಪಡೆದವರನ್ನು ನಾಟಕ ಶಿಕ್ಷಕರಾಗಿ ನೇಮಿಸಿದ್ದೂ ಉಂಟು. ಆದರೆ ಅಂಥವರು ಬೆರಳೆಣಿಕೆಯಷ್ಟು. ಉಳಿದೆಡೆ ಕನ್ನಡದ ಮೇಷ್ಟರೋ, ಆಸಕ್ತಿಯಿರುವ ಪಿ.ಟಿ. ಮೇಷ್ಟರೋ ಸಂಜೆ ಶಾಲೆ ಬಿಟ್ಟ ಮೇಲೆ ತಾಲೀಮು ಮಾಡಿಸುತ್ತಾರೆ. ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಮನೆಗೆ ಕಳಿಸಬೇಕು, ಆದ್ದರಿಂದ ಎರಡನೇ ಅಂಕ ಯಾವಾಗಲೂ ಅರ್ಧಂಬರ್ಧ. ಜನವರಿ ಕಳೆದರೆ ಎಸ್ಸೆಸ್ಸೆಲ್ಸಿ ಜ್ವರ. ಹತ್ತನೆಯವರನ್ನು ನಾಟಕದಿಂದ ಮೊದಲು ಬಿಡಿಸಿಕೊಳ್ಳುತ್ತಾರೆ, ಪಳಗಿದ ಕೈಗಳು ಬೇಕಾಗಿರುವಾಗಲೇ.

ಬೇಡಿಕೆ ದೊಡ್ಡದೇನೂ ಇಲ್ಲ. ಪೆನ್‌ಡ್ರೈವ್ ಬೇಡ, ಅಂಗಳ ಚಿಕ್ಕದಿದ್ದರೆ ಮೈಕೂ ಬೇಡ. ಪ್ರತಿ ಮಗುವೂ ಒಂದು ವರ್ಷ ಮುಂದೆ, ಮರುವರ್ಷ ಹಿಂದೆ ದುಡಿಯುವ ಸರದಿ ಮಾಡಬಹುದು. ರಾಜನಾಗಿದ್ದವನು ಮುಂದಿನ ವರ್ಷ ಪರದೆ ಎಳೆದರೆ ಅವನಿಗೇನೂ ಮುಕ್ಕಾಗುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಪದವಿಗಳನ್ನು ಎರಡು ಸಾಲು ಮೊಟಕುಗೊಳಿಸಿದರೆ ಬೆಳಕು, ಪ್ರಸಾಧನ, ರಂಗಪರಿಕರ ನೋಡಿಕೊಂಡ ಮಕ್ಕಳ ಹೆಸರು ಅಚ್ಚು ಹಾಕಿಸಲು ಜಾಗ ಸಿಗುತ್ತದೆ. ಅತಿಥಿಗಳು ಹೇಗಿದ್ದರೂ ನಾಟಕಕ್ಕೆ ಮೊದಲೇ ಎದ್ದು ಹೋಗಿರುತ್ತಾರೆ.