ಶೇಂಗಾ ಹಿಂಡಿಯಿಂದ ತಿನ್ನುವ ಹೊದಿಕೆ

ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾ ಮಿಲ್‌ಗಳಿಂದ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನೇ ಇರುತ್ತದೆ. ಅದು ದನದ ಬಾನಿ ಸೇರುತ್ತದೆ. ಪಕ್ಕದ ಮೊಳಕಾಲ್ಮುರು ರೇಷ್ಮೆ ಸೀರೆಯ ಊರು. ರೇಷ್ಮೆಗೆ ಬಣ್ಣ ಹಿಡಿಯಬೇಕಾದರೆ ಮೊದಲು ಸೋಪು, ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಬೇಕು. ನೂಲಿನ ತೂಕದಲ್ಲಿ ಸುಮಾರು ಕಾಲುಭಾಗವಿರುವ ಈ ಅಂಟೂ ಪ್ರೋಟೀನೇ, ಹೆಸರು ಸೆರಿಸಿನ್. ಹಿಂಡಿಯ ಪ್ರೋಟೀನಿನಂತೆ ಇದನ್ನೂ ತೆಳು ಹಾಳೆಯಾಗಿಸಬಹುದು.

ಶೇಂಗಾ ಪ್ರೋಟೀನನ್ನು ತುಸು ಕ್ಷಾರದ ನೀರಿನಲ್ಲಿ ಕರಗಿಸಿ ಕಾಯಿಸಿದರೆ ಅದರ ಸುರುಳಿಗಳು ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗ್ಲಿಸರಿನ್ ಬೆರೆಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆ ಎದ್ದು ಬರುತ್ತದೆ. ಗ್ಲಿಸರಿನ್ ಮರೆತರೆ ಹಪ್ಪಳದಂತೆ ಮುರಿಯುತ್ತದೆ. ಒಣ ಹವೆಯಲ್ಲಿ ಇದು ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ಎಣ್ಣೆಬೀಜ ಕಮಟು ಹಿಡಿಯುವುದು ಆಮ್ಲಜನಕದಿಂದಲೇ ಅಲ್ಲವೇ? ತೇವವನ್ನು ಮಾತ್ರ ತಡೆಯಲಾರದು.

ಈ ಹಾಳೆಯೊಳಗೆ ಮೊಸರಿನ ಬಳಗದ ಬ್ಯಾಕ್ಟೀರಿಯಾಗಳನ್ನು ಸೇರಿಸಿದರೆ ಹೊದಿಕೆಯೇ ಆರೋಗ್ಯಕ್ಕೆ ಒದಗುತ್ತದೆ. ಆದರೆ ಅವಕ್ಕೆ ಕಾವು ಆಗದು, ಆದ್ದರಿಂದ ದ್ರಾವಣ ತಣಿದು ಕ್ಷಾರ ಇಳಿದ ಮೇಲೆಯೇ ಬೆರೆಸಬೇಕು. ಒಣಗುವಾಗ ನೀರು ಹೋದಂತೆ ಅವುಗಳ ಪೊರೆ ಹರಿಯುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆ ನೀರಿನ ಜಾಗದಲ್ಲಿ ನಿಂತು ಪೊರೆಯನ್ನು ಕಾಯುತ್ತದೆ. ಇಷ್ಟಾದ ಮೇಲೂ ಪ್ರತಿ ಗ್ರಾಂ ಆಹಾರದಲ್ಲಿ 10 ಲಕ್ಷವಾದರೂ ಜೀವಂತ ಉಳಿಯಬೇಕೆಂಬುದು ರೂಢಿಯ ಅಳತೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಡಲಪಾಚಿಯ ಆಲ್ಜಿನೇಟ್ ಲೇಪಿಸಿದ ಸೇಬು, ಪಪ್ಪಾಯಿ ಹೋಳುಗಳ ಮೇಲೆ ಬೈಫಿಡೋಬ್ಯಾಕ್ಟೀರಿಯಾ ತಂಪಿನಲ್ಲಿ 10 ದಿನ ಈ ಅಳತೆ ದಾಟಿ ಬದುಕಿದ್ದವು.

ಹಿಂಡಿಗೆ ಇರುವ ದೊಡ್ಡ ಕಂಟಕ ಅಫ್ಲಟಾಕ್ಸಿನ್. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಈ ಸೀಮೆಗೆ ಅದು ಹೊಸದಲ್ಲ, ಆಸ್ಪರ್ಜಿಲಸ್ ಬೂಷ್ಟು ಬೀಜಕ್ಕೆ ಹತ್ತಿ ವಿಷ ಉಗುಳುತ್ತದೆ. ಎಣ್ಣೆ ಹಿಂಡಿದಾಗ ಆ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ, ಕುದಿಸಿದರೂ ಹೋಗದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಪೌಷ್ಟಿಕ ಆಹಾರ ತಯಾರಿಸಿತ್ತು, ಹಾಗಾಗಿ ಹಿಂಡಿ ಮನುಷ್ಯರ ಆಹಾರವಾಗದು ಎನ್ನಲಾಗದು. ಪರೀಕ್ಷಿಸದ ಹಿಂಡಿಯನ್ನು ಮಾತ್ರ ಮುಟ್ಟಲೇಬಾರದು. ಶೇಂಗಾ ಅಲರ್ಜಿ ಇರುವವರಿಗಂತೂ ಈ ಹಾಳೆ ಅಪಾಯ.

ಅದಕ್ಕೇ ಮೊದಲ ಪ್ರಯೋಗ ಬಿತ್ತನೆ ಬೀಜದ ಮೇಲೆ ನಡೆಯಲಿ ಎಂಬುದು ನನ್ನ ಆಸೆ. ಅಮೆರಿಕದ ಎಂಐಟಿ ಸಂಶೋಧಕರು 2019ರಲ್ಲಿ ರೇಷ್ಮೆ ಎಳೆಯ ಪ್ರೋಟೀನಿಗೆ ಟ್ರೆಹಲೋಸ್ ಬೆರೆಸಿ, ಅದರಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇಟ್ಟು ಹುರುಳಿಕಾಯಿ ಬೀಜಕ್ಕೆ ಲೇಪಿಸಿದರು. ಸವುಳು ಮಣ್ಣಿನಲ್ಲೂ ಸಸಿ ಚೆನ್ನಾಗಿ ಬಂತು. ಶೇಂಗಾ ಬೇರಿನ ಗಂಟಿನಲ್ಲಿರುವುದೂ ಇಂಥದೇ ಬ್ಯಾಕ್ಟೀರಿಯಾ. ಮೊಳಕಾಲ್ಮುರಿನ ಮಗ್ಗದಡಿ ಉಳಿಯುವ ತುಂಡು ನೂಲು ಚಳ್ಳಕೆರೆಯ ಬಿತ್ತನೆಗೆ ಒದಗಬಲ್ಲದು.